ಬಸ್ಸಿಗೆ ಒಡೆದ ಇಡುಗಾಯಿ

ಬಸ್ಸಿನ ಮುಂಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಉದುರುತ್ತದೆ ಎಂಬುದು ನನಗೆ ತಿಳಿದದ್ದು ಅಣ್ಣನ ಖಾಕಿ ಅಂಗಿ ಒಗೆಯುವಾಗ. ಜೇಬಿನಿಂದ ಒಂದು ಹಿಡಿ ಹರಳು ಒಗೆಯುವ ಕಲ್ಲಿನ ಮೇಲೆ ಸುರಿಯಿತು. ಕಾಲರಿನ ರಕ್ತದ ಕಲೆ ಮಾತ್ರ ಎಷ್ಟು ಉಜ್ಜಿದರೂ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿ.

ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿದ ಹೊಸತು. ಒಂದು ಗುಂಪಿಗೆ ಹಬ್ಬ, ಇನ್ನೊಂದಕ್ಕೆ ಸೂತಕ. ಅಣ್ಣ ಕೊಟ್ರೇಶ ಓಡಿಸುತ್ತಿದ್ದ ಖಾಸಗಿ ಬಸ್ಸು ಹೊಸ ಜಿಲ್ಲೆಯ ಹೆಸರಿನ ಬೋರ್ಡು ಕಟ್ಟಿಕೊಂಡು, ಮಾಲೆ ಹಾಕಿಸಿಕೊಂಡು ಹೊರಟಾಗ ಎರಡೂ ಗುಂಪಿನವರು ಎದುರುಬದುರು ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರು ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಹನುಮಂತಪ್ಪ, ಪ್ರತಿ ಹೊಸ ಬಸ್ಸಿಗೂ ಮಾಡುವಂತೆ, ಇಡುಗಾಯಿ ಒಡೆಯಲು ಬಂದ. ಕಾಯಿಯನ್ನು ಗಾಡಿಗೆ ನಿವಾಳಿಸಿ, ಅದರ ಮುಂದಿನ ನೆಲಕ್ಕೆ ಶಕ್ತಿಯಿದ್ದಷ್ಟೂ ಬೀಸಿ ಅಪ್ಪಳಿಸಬೇಕು. ಚೂರು ದೂರ ಸಿಡಿದಷ್ಟೂ ಕೆಟ್ಟ ದೃಷ್ಟಿ ದೂರ. ನೋಡುವವರಿಗೆ ಇವನು ಹರಸುತ್ತಿದ್ದಾನೋ ಹೊಡೆಯುತ್ತಿದ್ದಾನೋ ಎಂದು ತಿಳಿಯದಂಥ ಶಾಸ್ತ್ರ ಅದು. ಅಂದು ಕಾಯಿ ಮೊದಲು ನೆಲಕ್ಕೆ ಬಿತ್ತೋ ಇಲ್ಲವೋ, ಗಾಜಿಗಂತೂ ಬಿತ್ತು. ಗಾಜು ಒಡೆದದ್ದೇ ತಡ, ಗುಂಪಿನೊಳಗಿಂದ ಕಲ್ಲುಗಳೂ ಬಂದವು. ಅಣ್ಣನ ಹುಬ್ಬು ಹರಿಯಿತು. ಪೊಲೀಸರು ಹನುಮಂತಪ್ಪನನ್ನು ಎಳೆದೊಯ್ದರು.

ಆಮೇಲೆ ನೋಡಿ, ಒಂದು ಕಾಯಿಗೆ ಎಷ್ಟೆಲ್ಲ ಅರ್ಥ! ಹೊಸ ಜಿಲ್ಲೆ ಬೇಡವೆಂದವರು ಅವನನ್ನು ಹೋರಾಟಗಾರನೆಂದು ಕೊಂಡಾಡಿದರು. ಬೇಕೆಂದವರು ಅವನ ಹಿಂದೆ ಯಾರ ಕೈವಾಡವಿದೆಯೆಂದು ಹುಡುಕಿದರು. ಜನ್ಮದಲ್ಲಿ ಒಂದು ಸಭೆಗೂ ಹೋಗದ ಮನುಷ್ಯನನ್ನು ಚಹಾದಂಗಡಿಯವರು ಬೆಳಗ್ಗೆ ಒಂದು ಪಕ್ಷಕ್ಕೆ, ಸಂಜೆ ಇನ್ನೊಂದಕ್ಕೆ ಸೇರಿಸಿದರು. ಕಾರಣ ತಿಳಿಯದ ಏಟನ್ನು ತಾಳಿಕೊಳ್ಳುವುದು ಬಹಳ ಕಷ್ಟ, ಗೆಳೆಯರೇ. ಏಟಿಗೊಂದು ಪಕ್ಷ ಸಿಕ್ಕಿಬಿಟ್ಟರೆ ಯಾರನ್ನು ಬೈಯಬೇಕೆಂದು ಗೊತ್ತಾಗುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ನನಗೂ ಆ ಸಮಾಧಾನ ಬೇಕಾಗಿತ್ತು.

ಠಾಣೆಯಲ್ಲಿ ಎಲ್ಲವೂ ಅಣ್ಣನ ಮಾತಿನ ಮೇಲೆ ನಿಂತಿತ್ತು. ಬೇಕೆಂದೇ ಗಾಜಿಗೆ ಎಸೆದನೆಂದರೆ ಹನುಮಂತಪ್ಪನಿಗೆ ಜೈಲು. ಅವನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಕೂತು ಅಳುತ್ತಿದ್ದರೂ ನನ್ನ ಮನಸ್ಸು ಕರಗಲಿಲ್ಲ.

"ಹೇಳಿಬಿಡಣ್ಣ. ಅವನ ಮಾರಿ ಸಿಟ್ಟಿನಾಗಿತ್ತಂತ ನೀನೇ ಅಂದಿಯಲ್ಲ," ಎಂದೆ.

"ಇಡುಗಾಯಿ ಒಡೆಯೋನ ಮಾರಿ ಯಾವತ್ತು ನಗ್ತಿರ್ತತಿ?" ಎಂದ ಅಣ್ಣ. ಸಾಹೇಬರ ಮುಂದೆಯೂ ಅಷ್ಟೇ: "ಕೈ ಎತ್ತಿದ್ದು ಕಂಡೀನ್ರಿ. ಯಾವಾಗ್ಲೂ ಹಂಗ ಎತ್ತತಾನ." ಹನುಮಂತಪ್ಪನನ್ನು ಬಿಟ್ಟರು.

ಠಾಣೆಯಿಂದ ಅವನು ನೇರ ನಮ್ಮ ಮನೆಗೆ ಬಂದ. ಅಣ್ಣನ ಹುಬ್ಬಿನ ಹೊಲಿಗೆ ನೋಡಿ ಕಣ್ಣು ತುಂಬಿಕೊಂಡ. ನಾನು ಬಿಡಲಿಲ್ಲ.

"ಈಗರ ಖರೇ ಹೇಳ್ರಿ ಮಾವ. ನೆಲಕ್ಕ ಒಡೆಯಾಕ ಬಂದಿದ್ರೋ, ಗಾಜಿಗೋ?"

ಅವನು ಕಣ್ಣೊರೆಸಿಕೊಂಡ. "ನಿವಾಳಿಸುವಾಗ ನಿಮ್ಮಣ್ಣಗ ಒಳ್ಳೇದಾಗ್ಲಿ ಅಂತಾನ ಇತ್ತವ್ವ. ಅಷ್ಟರಾಗ ಆ ಬೋರ್ಡು ಕಣ್ಣಿಗೆ ಬಿತ್ತು. ಮಗಳನ್ನ ಕೂಡ್ಲಿಗಿಗೆ ಕೊಟ್ಟೀನಿ. ನಾವು ಈ ಕಡಿ ಬಂದ್ವಿ, ಆಕಿ ಬಳ್ಳಾರಿ ಜಿಲ್ಲಾದಾಗ ಉಳಿದ್ಲು ಅನ್ನಿಸ್ತು. ಸುತ್ತ ಎಲ್ಲಾರೂ ಕೂಗ್ತಿದ್ರು. ಕೈ ಬಿಡೋ ಹೊತ್ತಿಗೆ ಒಳಗ ಏನಿತ್ತೋ, ನನಗ ಗೊತ್ತಿಲ್ಲ."

ಅವನು ಸುಳ್ಳು ಹೇಳಿದ್ದರೆ ನನಗೆ ಸಿಟ್ಟಾದರೂ ಉಳಿಯುತ್ತಿತ್ತು. ಅಣ್ಣ ಚಹಾದ ಲೋಟವನ್ನು ಅವನತ್ತ ಸರಿಸಿದ.

"ಈ ಮಾತು ಸಾಹೇಬ್ರ ಮುಂದ ಆಡಬ್ಯಾಡ್ರಿ ಮಾವ," ಎಂದ. "ಇದನ್ನ ಬರ್ಕೊಳ್ಳಾಕ ಅವರ ಕಾಗದದಾಗ ಜಾಗ ಇಲ್ಲ."