ಆಕ್ಸಿಜನ್ನಿನ ಕೊನೆಯ ಎರಡು ಸೀಟು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನೀವು ನನ್ನನ್ನು ಒಳ್ಳೆಯ ಮೇಷ್ಟ್ರು ಅಂದುಕೊಂಡು ಮೋಸಹೋಗುತ್ತೀರಿ. ಚಿಕ್ಕಬಳ್ಳಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಮನೆ ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಿಂದ ಎರಡು ಬೀದಿ ಆಚೆ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ಸಂಜೆ ಸ್ಕೂಟರಿನಲ್ಲೇ ವಾಪಸ್ಸು ಬರುವವನು. ನಡೆದದ್ದಕ್ಕೆ ಅರ್ಧ ಕಾರಣ ಆ ಸ್ಕೂಟರೇ.

ನನ್ನ ಪಾಠಗಳಲ್ಲಿ ನನಗೆ ಹೆಮ್ಮೆ ಇದ್ದದ್ದು ಪರಮಾಣುಗಳು ಸೇರಿ ಅಣು ಹೇಗಾಗುತ್ತವೆ ಎನ್ನುವ ಪಾಠದ ಮೇಲೆ. ಎರಡು ಪರಮಾಣು ಹತ್ತಿರ ಬಂದಾಗ ಅವುಗಳ ಹೊರಗಿನ ಎಲೆಕ್ಟ್ರಾನ್‌ಗಳು ಇದು ನಿನ್ನದು, ಇದು ನನ್ನದು ಎಂದು ಜಗಳವಾಡುವುದಿಲ್ಲ. ಇಡೀ ಅಣುವಿಗೇ ಸೇರಿದ ಹೊಸ ಜಾಗಗಳು ಹುಟ್ಟಿಕೊಳ್ಳುತ್ತವೆ. ಅವಕ್ಕೆ ಆರ್ಬಿಟಲ್ ಎನ್ನುತ್ತೇವೆ. ಕೆಳಗಿನ ಜಾಗದಲ್ಲಿ ಕೂತ ಎಲೆಕ್ಟ್ರಾನ್ ಅಣುವನ್ನು ಹಿಡಿದಿಡುತ್ತದೆ, ಮೇಲಿನ ಜಾಗದಲ್ಲಿ ಕೂತದ್ದು ಬಿಡಿಸಲು ನೋಡುತ್ತದೆ. ಎರಡು ಹೈಡ್ರೋಜನ್ ಸೇರಿದರೆ ಅವುಗಳ ಎರಡೂ ಎಲೆಕ್ಟ್ರಾನ್ ಕೆಳಗೇ ಕೂರುತ್ತವೆ, ಅಣು ಗಟ್ಟಿ. ಎರಡು ಹೀಲಿಯಂ ಹತ್ತಿರ ಬಂದರೆ ಒಟ್ಟು ನಾಲ್ಕು ಎಲೆಕ್ಟ್ರಾನ್. ಎರಡು ಕೆಳಗೆ, ಎರಡು ಮೇಲೆ. ಇವು ಕಟ್ಟಿದ್ದನ್ನು ಅವು ಬಿಚ್ಚಿಬಿಡುತ್ತವೆ. ಅದಕ್ಕೇ ಹೀಲಿಯಂ ಯಾರ ಸಹವಾಸಕ್ಕೂ ಹೋಗದೆ ಒಂಟಿಯಾಗಿರುತ್ತದೆ.

ಮಜಾ ಇರುವುದು ಆಕ್ಸಿಜನ್ನಿನಲ್ಲಿ. ಕೆಳಗಿನಿಂದ ತುಂಬಿಸುತ್ತ ಬಂದರೆ ಕೊನೆಗೆ ಎರಡು ಎಲೆಕ್ಟ್ರಾನ್ ಉಳಿಯುತ್ತವೆ. ಎದುರಿಗೆ ಒಂದೇ ಎತ್ತರದಲ್ಲಿ ಎರಡು ಖಾಲಿ ಆರ್ಬಿಟಲ್, ಒಂದೊಂದರಲ್ಲೂ ಇಬ್ಬರಿಗೆ ಜಾಗ. ಈ ಎರಡು ಎಲೆಕ್ಟ್ರಾನ್ ಒಂದರಲ್ಲೇ ಜೊತೆಯಾಗಿ ಕೂರುತ್ತವೋ, ಒಂದೊಂದರಲ್ಲಿ ಒಂದೊಂದು ಬಿಡಿಯಾಗಿ ಕೂರುತ್ತವೋ? ಬಿಡಿಯಾಗಿ ಕೂತರೆ ಆಕ್ಸಿಜನ್ನನ್ನು ಅಯಸ್ಕಾಂತ ಎಳೆಯುತ್ತದೆ. ಜೊತೆಯಾಗಿ ಕೂತರೆ ಎಳೆಯುವುದಿಲ್ಲ. ಪಾಠದ ಜೀವವೇ ಈ ಪ್ರಶ್ನೆ.

ಇಲ್ಲಿಗೆ ಬಂದಾಗ ನಾನು ಚಾಕ್‌ಪೀಸು ಕೆಳಗಿಟ್ಟು, ಕೈ ಒರೆಸಿಕೊಂಡು, ವರ್ಷವರ್ಷವೂ ಒಂದೇ ಮಾತು ಹೇಳುತ್ತಿದ್ದೆ.

"ಬಸ್ಸಲ್ಲಿ ಜನ ಹೆಂಗೆ ಕೂರ್ತಾರೋ ಎಲೆಕ್ಟ್ರಾನ್ನೂ ಹಂಗೇ ಕಣ್ರಪ್ಪ. ದಿನಾ ಬಸ್ಸಲ್ಲಿ ಬರೋರು ನೀವು, ಅದನ್ನೂ ನಾನೇ ಹೇಳ್ಬೇಕಾ? ಮನೇಲಿ ಚಿತ್ರ ಪೂರ್ತಿ ಮಾಡ್ಕೊಂಡ್ ಬನ್ನಿ."

ಹುಡುಗರು ನಗುತ್ತಿದ್ದರು. ಹುಡುಗಿಯರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಇಷ್ಟು ಸುಲಭದ ಉದಾಹರಣೆ ಬೇರೆ ಯಾರಿಗೂ ಹೊಳೆದಿರಲಿಕ್ಕಿಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಟೆಸ್ಟಿನಲ್ಲಿ ಪ್ರತಿ ಸಲವೂ ಕೆಲವರು ತಪ್ಪು ಬರೆಯುತ್ತಿದ್ದರು, ಎರಡೂ ಎಲೆಕ್ಟ್ರಾನನ್ನು ಒಂದೇ ಜಾಗಕ್ಕೆ ತುರುಕುತ್ತಿದ್ದರು. ಅವರೆಲ್ಲ ಯಾರು ಎಂದು ನಾನು ಯಾವತ್ತೂ ನೋಡಲಿಲ್ಲ. ಕೆಂಪು ಗೀಟು ಎಳೆದು ಮುಂದಿನ ಪೇಪರಿಗೆ ಕೈ ಹಾಕುತ್ತಿದ್ದೆ.

ಆ ವರ್ಷ ಹಾಗೆ ಬರೆದವರಲ್ಲಿ ಒಬ್ಬ ಹುಡುಗಿ ಇದ್ದಳು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬರುವ ದಾರಿಯ ಒಂದು ಹಳ್ಳಿಯವಳು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಸಾಕಣೆ. ಪಿಯುಸಿಯವರೆಗೆ ಕನ್ನಡದಲ್ಲೇ ಓದಿದ್ದರಿಂದ ಇಂಗ್ಲಿಷ್ ಪುಸ್ತಕಕ್ಕಿಂತ ನನ್ನ ಮಾತನ್ನೇ ಹೆಚ್ಚು ನಂಬಿಕೊಂಡಿದ್ದಳು. ಎಂಎಸ್ಸಿ ಕೆಮಿಸ್ಟ್ರಿ ಮಾಡಬೇಕು ಸರ್ ಎಂದು ಕಾಲೇಜಿಗೆ ಸೇರಿದ ವಾರವೇ ಬಂದು ಹೇಳಿದ್ದಳು. ಟೆಸ್ಟಿನಲ್ಲಿ ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದವಳು ಆಕ್ಸಿಜನ್ನಿಗೆ ಬಂದು ಎರಡು ಎಲೆಕ್ಟ್ರಾನನ್ನೂ ಜೊತೆಗೆ ಕೂರಿಸಿಬಿಟ್ಟಿದ್ದಳು. ಕೆಳಗೆ ಒಂದು ಸಾಲು ಬೇರೆ: ಬಸ್ಸಿನಲ್ಲಿ ಕೂರುವ ಹಾಗೆ ಮೊದಲು ಜೊತೆ ಸಿಕ್ಕುವಲ್ಲಿ ಕೂರುತ್ತವೆ, ಆದ್ದರಿಂದ ಆಕ್ಸಿಜನ್ನನ್ನು ಅಯಸ್ಕಾಂತ ಎಳೆಯುವುದಿಲ್ಲ.

ನನ್ನ ಉದಾಹರಣೆಯನ್ನೇ ತಲೆಕೆಳಗು ಮಾಡಿ ನನಗೇ ಒಪ್ಪಿಸಿದ್ದಾಳಲ್ಲ ಎಂದು ಪಿತ್ತ ನೆತ್ತಿಗೇರಿತು. ಪೇಪರ್ ಕೊಡುವಾಗ ಇಡೀ ಕ್ಲಾಸಿನ ಮುಂದೆ ಅವಳನ್ನು ನಿಲ್ಲಿಸಿದೆ.

"ಇಷ್ಟು ಚಿಕ್ಕದೂ ತಲೆಗೆ ಹೋಗಲ್ವೇನಮ್ಮ? ದಿನಾ ಬಸ್ಸಲ್ಲಿ ಬರೋಳಲ್ವಾ ನೀನು?"

"ದಿನಾ ಬರ್ತೀನಿ ಸರ್, ಅದಕ್ಕೇ..."

"ಎದುರು ಮಾತಾಡ್ಬೇಡ. ನಿನಗೆ ಕೆಮಿಸ್ಟ್ರಿ ಬರಲ್ಲ ಕಣಮ್ಮ. ಸುಮ್ನೆ ಬೇರೆ ಏನಾದ್ರೂ ನೋಡ್ಕೋ ಹೋಗು."

ಹುಡುಗರು ಕಿಸಕ್ಕನೆ ನಕ್ಕರು. ಅವಳು ಕೂತಳು. ಆ ಪೀರಿಯಡ್ಡು ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಸ್ಟಾಫ್ ರೂಮಿಗೆ ಬಂದು ಒಂದು ಫಾರಂ ಮುಂದೆ ಹಿಡಿದಳು. ಬಿಎಸ್ಸಿ ಬಿಟ್ಟು ಬಿಎಗೆ ಹೋಗಲು ಬರೆದ ಅರ್ಜಿ. ಅವಳದೂ ಅವರಪ್ಪನದೂ ಸಹಿ ಆಗಿತ್ತು, ನನ್ನದೊಂದು ಬಾಕಿ. ಆಫೀಸಿಗೆ ಕೊಡಲು ಮಾರನೆಯ ಸಂಜೆಯೇ ಕೊನೆ. ಅಷ್ಟರಲ್ಲಿ ಬೆಲ್ ಆಯಿತು. "ಇಟ್ ಹೋಗು, ನಾಳೆ ಹಾಕ್ಕೊಡ್ತೀನಿ" ಎಂದು ಫಾರಮ್ಮನ್ನು ಬ್ಯಾಗಿಗೆ ಸೇರಿಸಿದೆ. ಇಂಥ ಫಾರಂ ನನಗೆ ಹೊಸದೇನಲ್ಲ. ವರ್ಷಕ್ಕೆ ಒಂದೋ ಎರಡೋ ಬರುತ್ತವೆ, ಕೈಗೆ ಸಿಕ್ಕ ಪೆನ್ನಿನಲ್ಲಿ ಸಹಿ ಗೀಚಿ ಕೊಡುತ್ತೇನೆ. ಬೆಲ್ ಆಗದಿದ್ದರೆ ಅವತ್ತೂ ಕೊಟ್ಟೇಬಿಡುತ್ತಿದ್ದೆ, ಅದರಲ್ಲಿ ಅನುಮಾನವೇ ಬೇಡ.

ಮಾರನೆಯ ದಿನ ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಒದ್ದೂ ಒದ್ದೂ ಕಾಲು ನೋವು ಬಂತು. ನಾನು ಅದಕ್ಕೆ ಬೈಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಒಂದಿನ ಬಸ್ಸಲ್ಲಿ ಹೋದ್ರೆ ಸವೆದು ಹೋಗಲ್ಲ ಬಿಡ್ರೀ" ಎಂದಳು. ಧುಮುಗುಡುತ್ತಲೇ ಬಸ್ ಸ್ಟ್ಯಾಂಡಿಗೆ ನಡೆದೆ.

ಬೇಗ ಹೊರಡುವ ಬಸ್ಸು, ಮುಕ್ಕಾಲು ಪಾಲು ಖಾಲಿ. ಒಬ್ಬರು ವಯಸ್ಸಾದ ಹೆಂಗಸು ಮುಂದೆ ಇಬ್ಬರ ಸೀಟಿನಲ್ಲಿ ಕೂತು ಕನಕಾಂಬರದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವರ ಹಿಂದಿನ ಸೀಟಿನ ಕಿಟಕಿ ಪಕ್ಕ ನಾನು ಕೂತೆ. ಆಮೇಲೆ ಹತ್ತಿದ ನಾಲ್ಕೈದು ಗಂಡಸರು ಒಬ್ಬೊಬ್ಬರೇ ಒಂದೊಂದು ಕಿಟಕಿ ಹಿಡಿದು ಕೂತರು. ನೋಡಿ, ಇದೇ ನನ್ನ ಪಾಠ ಎಂದು ನನಗೆ ಖುಷಿಯಾಯಿತು. ಖಾಲಿ ಸೀಟು ಇರುವ ತನಕ ಯಾರೂ ಇನ್ನೊಬ್ಬರ ಪಕ್ಕ ಹೋಗಿ ಕೂರುವುದಿಲ್ಲ. ಎಲೆಕ್ಟ್ರಾನೂ ಅಷ್ಟೇ.

ಮೂರನೆಯ ಸ್ಟಾಪಿನಲ್ಲಿ ಆ ಹುಡುಗಿ ಹತ್ತಿದಳು. ನನ್ನನ್ನು ನೋಡಿ ಬೆಚ್ಚಿದಳು, ನಮಸ್ಕಾರ ಮಾಡಿದಳು. ಎಡಕ್ಕೆ ಬಲಕ್ಕೆ ಎಷ್ಟೋ ಸೀಟು ಪೂರ್ತಿ ಖಾಲಿ ಇದ್ದವು. ಅವಳು ಅವುಗಳ ಕಡೆ ತಿರುಗಿಯೂ ನೋಡದೆ ಸೀದಾ ಹೂವಿನ ಬುಟ್ಟಿಯವರ ಪಕ್ಕಕ್ಕೆ ಹೋಗಿ, ಬ್ಯಾಗನ್ನು ತಬ್ಬಿಕೊಂಡು, ಇದ್ದಷ್ಟೇ ಜಾಗದಲ್ಲಿ ಕೂತಳು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಬುರ್ಖಾ ಹಾಕಿದ ಒಬ್ಬರು ಹತ್ತಿ ಆಚೆ ಬದಿಯ ಸೀಟಿನಲ್ಲಿ ಕೂತರು. ಅದರ ಮುಂದಿನ ಸ್ಟಾಪಿನಲ್ಲಿ ಟಿಫನ್ ಕ್ಯಾರಿಯರ್ ಹಿಡಿದ ಹೆಂಗಸೊಬ್ಬರು ಹತ್ತಿದರು. ಖಾಲಿ ಸೀಟುಗಳನ್ನು ದಾಟಿ ಬಂದು ಆ ಬುರ್ಖಾದವರ ಪಕ್ಕವೇ ಕೂತರು. ಇಬ್ಬರಿಗೂ ಪರಿಚಯ ಇದ್ದ ಹಾಗೆ ಕಾಣಲಿಲ್ಲ, ಒಂದು ಮಾತೂ ಆಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮುಂದೆ ಬಗ್ಗಿ ಹೂವಿನವರನ್ನು ಕೇಳಿದೆ.

"ಅಲ್ಲಮ್ಮಾ, ಬಸ್ಸೆಲ್ಲಾ ಖಾಲಿ ಬಿದ್ದಿದೆ. ಹೆಂಗಸರೆಲ್ಲಾ ಯಾಕೆ ಹಿಂಗೆ ಒಬ್ಬರ ಪಕ್ಕ ಒಬ್ಬರು ಇರುಕಿಕೊಂಡು ಕೂರ್ತೀರಾ?"

ಅವರು ತಿರುಗಿ, ಇವನು ಯಾವ ಲೋಕದವನಪ್ಪಾ ಎನ್ನುವ ಹಾಗೆ ನನ್ನನ್ನು ನೋಡಿದರು.

"ನಿಮ್ಗೇನ್ ಗೊತ್ತು ಸಾಮಿ? ಒಬ್ಳೇ ಕುಂತ್ರೆ ಪಕ್ಕಕ್ಕೆ ಯಾವನ್ ಬಂದು ಕುಂತ್ಕೊಂತಾನೋ! ಆಮ್ಯಾಕೆ ಊರು ಬರೋಗಂಟ ಮೈ ಮುದುರ್ಕೊಂಡು ಇರ್ಬೇಕು. ಮೊದ್ಲು ಹೆಂಗಸಿನ ಪಕ್ಕ ಜಾಗ ನೋಡ್ಕೊಬೇಕು. ಅದು ಇಲ್ದೆ ಇದ್ರೇನೇ ಖಾಲಿ ಸೀಟು."

ಹುಡುಗಿ ತಿರುಗಲಿಲ್ಲ. ಅವಳ ಕತ್ತು ಮಾತ್ರ ಬಿಗಿಯಾದದ್ದು ಹಿಂದಿನಿಂದ ಕಾಣುತ್ತಿತ್ತು.

ದಿನಾ ಬರ್ತೀನಿ ಸರ್, ಅದಕ್ಕೇ. ಅವಳು ಹೇಳಹೊರಟಿದ್ದದ್ದು ಇದು. ನಾನು ಬಾಯಿ ಮುಚ್ಚಿಸಿದ್ದೆ. ಬಸ್ಸಿನಲ್ಲಿ ಜನ ಹೇಗೆ ಕೂರುತ್ತಾರೋ ಹಾಗೆ ಎಂದಿದ್ದೆ. ಅವಳು ಕೂರುವ ಹಾಗೆಯೇ ಅವಳು ಬರೆದಿದ್ದಳು. ಆ ಬಸ್ಸಿನಲ್ಲಿ ಕೂತಿದ್ದಾಗ ನನಗೆ ನಾಚಿಕೆಯಾಯಿತು. ಸಿಟ್ಟಿನವನಿಗೆ ನಾಚಿಕೆ ಅಷ್ಟು ಸುಲಭಕ್ಕೆ ಆಗುವುದಿಲ್ಲ, ಆದರೆ ಆದಾಗ ಕಿವಿಯವರೆಗೂ ಸುಡುತ್ತದೆ. ಬ್ಯಾಗಿನಲ್ಲಿ ಅವಳ ಫಾರಂ ಇತ್ತು. ಚಿಕ್ಕಬಳ್ಳಾಪುರ ಬರುವವರೆಗೂ ಬ್ಯಾಗಿನ ಮೇಲಿಂದ ಕೈ ತೆಗೆಯಲಿಲ್ಲ.

ಕ್ಲಾಸಿಗೆ ಹೋದವನೇ ಬೋರ್ಡಿನ ಮೇಲೆ ಎರಡು ಸೀಟು ಬರೆದೆ.

"ಬಸ್ಸು ಖಾಲಿ ಇದೆ. ಒಂದು ಸೀಟಲ್ಲಿ ಯಾರೋ ಒಬ್ರು ಕೂತಿದ್ದಾರೆ. ಎಲ್ಲಿ ಕೂರ್ತೀರಾ?"

"ಖಾಲಿ ಸೀಟಲ್ಲಿ ಸರ್, ಕಿಟಕಿ ಹತ್ರ" ಎಂದರು ಹುಡುಗರು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಬಂತು. "ಕೂತಿರೋರು ಲೇಡೀಸಾ ಸರ್?" ಉಳಿದ ಹುಡುಗಿಯರೆಲ್ಲ ನಕ್ಕುಬಿಟ್ಟರು. ಈ ಸಲ ಹುಡುಗರಿಗೆ ಯಾಕೆ ಎಂದು ಗೊತ್ತಾಗಲಿಲ್ಲ.

ಅವತ್ತು ನಾನು ಹೇಳಬೇಕಾದದ್ದನ್ನು ಹೇಳಿದೆ. ಟೆಸ್ಟಿನಲ್ಲಿ ಜೊತೆಗೆ ಕೂರಿಸಿದವರು ನನ್ನ ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು, ಉದಾಹರಣೆ ಕೊಟ್ಟವನಿಗೆ ಬಸ್ಸೇ ಗೊತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಎಲೆಕ್ಟ್ರಾನುಗಳಿಗೆ ಪಕ್ಕಕ್ಕೆ ಯಾರು ಬರುತ್ತಾರೋ ಎನ್ನುವ ಭಯವಿಲ್ಲ, ಅವು ಒಂದನ್ನೊಂದು ದೂಡುತ್ತವೆ, ಅದಕ್ಕೆ ಸಮಾನವಾದ ಎರಡು ಜಾಗ ಇದ್ದಾಗ ಬೇರೆಬೇರೆ ಕೂರುತ್ತವೆ ಎಂದು ಬಿಡಿಸಿ ಹೇಳಿ, ಎಲೆಕ್ಟ್ರಾನಿಗೆ ಒಂದರಂತೆ ಒಂದೊಂದರಲ್ಲಿ ಒಂದೊಂದು ಬಾಣ ಬರೆದೆ. ಫೋನಿನಲ್ಲಿ ಒಂದು ವಿಡಿಯೋ ಹಾಕಿ ಬೆಂಚಿನಿಂದ ಬೆಂಚಿಗೆ ಕೊಟ್ಟೆ. ಅತಿ ತಂಪಿನಲ್ಲಿ ದ್ರವವಾದ ಆಕ್ಸಿಜನ್ನನ್ನು ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿಯುತ್ತಾರೆ. ತಿಳಿ ನೀಲಿ ಬಣ್ಣದ ಅದು ಕೆಳಗೆ ಹರಿದುಹೋಗದೆ ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಫೋನು ಅವಳ ಕೈಗೆ ಹೋದಾಗ ಅವಳು ಎರಡು ಸಲ ಹಾಕಿ ನೋಡಿದಳು.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ನಾನು ಫಾರಮ್ಮನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದೆ, ಸಹಿ ಹಾಕಿರಲಿಲ್ಲ.

"ಇದು ಬೇಕಾ ಇನ್ನೂ?" ಎಂದೆ. ದನಿ ಎಂದಿನ ಹಾಗೆ ಗಡುಸಾಗಿಯೇ ಬಂತು, ಹಾಳಾದ್ದು. ಮತ್ತೆ ಮೆಲ್ಲಗೆ, "ಬೇಡಮ್ಮ, ಹೋಗ್ಬೇಡ. ನಾನು ಅವತ್ತು ಹಂಗೆ ಅನ್ನಬಾರದಿತ್ತು" ಎಂದೆ.

ಅವಳು ಮೇಜಿನ ಹತ್ತಿರ ಬಂದಳು.

"ನಮ್ಮಕ್ಕನೂ ಹಿಂಗೇ ಬರೆದಿದ್ಲು ಸರ್."

"ಯಾವ ಅಕ್ಕ?"

"ನಿಮ್ಮ ಸ್ಟೂಡೆಂಟೇ ಸರ್, ಐದು ವರ್ಷದ ಹಿಂದೆ. ಎರಡೂ ಜೊತೆಗೆ ಕೂರ್ಸಿದ್ಲು. ನೀವು ಅವಳಿಗೂ ಬೇರೆ ಏನಾದ್ರೂ ನೋಡ್ಕೋ ಅಂದ್ರಿ. ಬಿಎಗೆ ಹೋದ್ಲು. ಅವಳ ಫಾರಂಗೆ ನೀವೇ ಸೈನ್ ಹಾಕಿದ್ರಿ."

ನನಗೆ ಆ ಹುಡುಗಿಯ ಮುಖ ನೆನಪಾಗಲಿಲ್ಲ. ಎಷ್ಟು ತಿಣುಕಿದರೂ ಆಗಲಿಲ್ಲ. ಬೈದದ್ದೂ ನೆನಪಿಲ್ಲ, ಸಹಿ ಹಾಕಿದ್ದೂ ನೆನಪಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು?

"ಈಗ ಏನ್ ಮಾಡ್ತಿದ್ದಾಳಮ್ಮ?"

"ಚಿಂತಾಮಣೀಲಿ ಸರ್, ಮದುವೆಯಾಗಿ. ಮನೆಗೆ ಬಂದಾಗೆಲ್ಲಾ ನನ್ನ ಕೆಮಿಸ್ಟ್ರಿ ಬುಕ್ ತೆಗೆದು ನೋಡ್ತಾಳೆ. ಆಮೇಲೆ, ನಂಗಿದು ಬರಲ್ಲ ಕಣೇ ಅಂತ ಮುಚ್ಚಿಡ್ತಾಳೆ."

ಅವಳು ಫಾರಮ್ಮನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗೆ ಹಾಕಿಕೊಂಡಳು. ಬರ್ತೀನಿ ಸರ್ ಎಂದು ಆಚೆ ಹೋದಳು. ಬಾಗಿಲು ತೆರೆದೇ ಇತ್ತು. ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತು ಅವಳು ಫೋನು ಮಾಡಿದ್ದು ನನಗೆ ಕೇಳಿಸುತ್ತಿತ್ತು.

"ಅಕ್ಕಾ, ಊಟ ಆಯ್ತಾ? ಆಕ್ಸಿಜನ್ನಲ್ಲಿ ಎರಡೂ ಜೊತೆಗೆ ಕೂರ್ಸಿದ್ಯಲ್ಲ ನೀನು, ನೆನಪಿದ್ಯಾ? ಆ ಬಸ್ಸಿನ ಉದಾಹರಣೇನೇ ತಪ್ಪಂತೆ ಕಣೇ. ಸರ್ರೇ ಹೇಳಿದ್ರು, ಕ್ಲಾಸಲ್ಲಿ, ಎಲ್ಲರ ಮುಂದೆ. ನಿಂಗೆ ಬರ್ತಿತ್ತು ಅಕ್ಕಾ. ನಿಂಗೆ ಬರ್ತಿತ್ತು."