ಸೀಟಕ್ಕನ ಕಳ್ಳತನ

ಸೀಟಕ್ಕನಿಗೆ ಕಂಟ್ರಾಕ್ಟುದಾರ ಇನ್ನೂ ಕೂಲಿ ಕೊಡಬೇಕು. ಸೇನೆಗೆಂದು ಸರ್ಕಾರ ಕೊಂಡ ಹೆಲಿಕಾಪ್ಟರುಗಳೊಳಗೆ ಸೋಫಾ ಹೊಲಿದು ಕೂರಿಸಿದ ಕೂಲಿ. ಅವನು ಫೋನು ಎತ್ತುವುದಿಲ್ಲ, ಅವಳು ಮಾಡುವುದನ್ನು ಬಿಟ್ಟಿದ್ದಾಳೆ. ಆ ದುಡ್ಡಿನಲ್ಲಿ ಒಂದು ತುತ್ತು ಉಂಡರೂ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುತ್ತಾಳೆ.

ಬಸ್ ಡಿಪೋದ ಹಿಂದೆ ತಗಡಿನ ಶೆಡ್ಡು ಅವಳದು. ಹರಿದ ಸೀಟುಗಳು ಗೋಡೆಯುದ್ದಕ್ಕೂ ಒರಗಿಕೊಂಡಿರುತ್ತವೆ. ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೆಲಸ ಮಾಡುತ್ತಾಳೆ. ಬೈಯುವುದಿದ್ದರೂ ಮೊಳೆ ಉಗುಳುವುದಿಲ್ಲ, ಹಲ್ಲಿನ ಸಂದಿಯಿಂದಲೇ ಬೈಯುತ್ತಾಳೆ.

ಆ ಹೆಲಿಕಾಪ್ಟರುಗಳು ಊರಿನ ಮೇಲೆ ಮೊದಲ ಸಲ ಹಾರಿದ ದಿನ ಬೀದಿಗೆ ಬೀದಿಯೇ ಕತ್ತೆತ್ತಿ ನಿಂತಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ಸುಮ್ಮನಿರುವ ಆಸಾಮಿಯಲ್ಲ.

"ಮೋರಿಗೊಂದು ಮುಚ್ಚಳ ಹಾಕೋಕೆ ಇವರತ್ರ ಕಾಸಿಲ್ಲ. ಇದಕ್ಕೆಲ್ಲಿಂದ ಬಂತಂತೆ? ನೋಡ್ತಿರು, ಇದರಲ್ಲಿ ಸಿಪಾಯಿ ಕೂರೋಲ್ಲ, ಮಂತ್ರಿ ಬೀಗರು ಕೂರ್ತಾರೆ."

"ಮುಚ್ಚೋ ಬಾಯಿ," ಅಂದಳು ಸೀಟಕ್ಕ. "ನನ್ನ ತಮ್ಮ ಬೆಟ್ಟದ ಮೇಲೆ ಸೇನೆ ಲಾರಿ ಓಡಿಸ್ತಾನೆ. ಅಲ್ಲಿ ಯಾರಿಗಾದ್ರೂ ಏಟು ಬಿದ್ರೆ ನಿನ್ನ ಡಕೋಟಾ ಸೈಕಲ್ ಮೇಲೆ ಹೊತ್ಕೊಂಡು ಬರ್ತೀಯಾ?"

ಇಡೀ ಬೀದಿಯಲ್ಲಿ ಆ ಖರೀದಿಯನ್ನು ನಂಬಿದವಳು ಅವಳೊಬ್ಬಳೇ. ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ನಂಬದೆ ಇರುವ ಧೈರ್ಯ ಅವಳಿಗಿರಲಿಲ್ಲ.

ಸ್ವಲ್ಪ ದಿನಕ್ಕೆ ಕಂಟ್ರಾಕ್ಟುದಾರ ಬಂದು ಅವಳನ್ನು ವಿಮಾನದ ಶೆಡ್ಡಿಗೆ ಕರೆದೊಯ್ದ. ಹೆಲಿಕಾಪ್ಟರಿನ ಒಳಗೆ ಎರಡೂ ಕಡೆ ಸ್ಟ್ರೆಚರ್ ತೂಗುಹಾಕುವ ಕೊಕ್ಕೆಗಳು, ಗಾಯಾಳುಗಳನ್ನು ಬಿಗಿಯುವ ಅಗಲ ಬೆಲ್ಟುಗಳು.

"ಇದೆಲ್ಲ ಬಿಚ್ಚಿಹಾಕು. ದೊಡ್ಡೋರು ಕೂರೋದು, ಮೆತ್ತಗಿರಬೇಕು."

"ಮತ್ತೆ ಏಟು ಬಿದ್ದೋರು?"

"ಅವರಿಗೆ ಬೇರೆ ಬರುತ್ತೆ ಬಿಡು."

ಬೇರೆ ಬರುತ್ತದೆ ಎಂದು ಅವಳು ನಂಬಿದಳು. ಕೆನೆ ಬಣ್ಣದ ಚರ್ಮ, ಅದೇ ಚರ್ಮ ಸುತ್ತಿದ ಗುಂಡಿಗಳು. ಸಾಹೇಬರ ಕಾರಿನ ಸೀಟು ಹೊಲಿದಾಗಲೆಲ್ಲ ಮಾಡುವಂತೆ ಕೊನೆಗೆ ಮೇಣ ಹಚ್ಚಿ, ಬಟ್ಟೆಯಿಂದ ಉಜ್ಜಿ ಉಜ್ಜಿ, ನೊಣ ಕೂತರೂ ಕಾಲು ಜಾರುವ ಹಾಗೆ ಹೊಳಪು ಬರಿಸಿದಳು. ಈ ಕಸುಬಿನಲ್ಲಿ ಹಳೆಯದನ್ನು ಬಿಚ್ಚಿದವರಿಗೇ ಹಳೆಯ ಮಾಲು. ಕಬ್ಬಿಣವನ್ನು ಕಂಟ್ರಾಕ್ಟುದಾರ ಹೊಡೆದುಕೊಂಡ. ಯಾರಿಗೂ ಬೇಡದ ಬೆಲ್ಟುಗಳನ್ನು ಅವಳು ಸುತ್ತಿ ಮನೆಗೆ ತಂದಳು. ಎರಡರಲ್ಲಿ ಮಗಳ ಕೂಸಿಗೆ ಉಯ್ಯಾಲೆಯಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನ ಲಾರಿ ಕಮರಿಗೆ ಉರುಳಿತು.

ಆಸ್ಪತ್ರೆಯಲ್ಲಿ ಅವನು ಅಂಗಾತ ಮಲಗಿದ್ದ. ಅಕ್ಕ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅಳಿಸಬಾರದೆಂದು ಅವನು ತಮಾಷೆಯಾಗಿಯೇ ಶುರುಮಾಡಿದ.

"ಹೆಲಿಕಾಪ್ಟರಲ್ಲಿ ಬಂದೆ ಕಣಕ್ಕಾ. ಒಳಗೆ ಸೋಫಾ! ನಮ್ಮಪ್ಪನೂ ಅಂಥದ್ದರ ಮೇಲೆ ಮಲಗಿರಲಿಲ್ಲ."

"ಸೋಫಾನಾ?"

"ಸ್ಟ್ರೆಚರ್ ಕಟ್ಟೋಕೆ ಜಾಗ ಇರ್ಲಿಲ್ಲ. ಹುಡುಕಿದ್ರು, ಒಂದು ಕೊಕ್ಕೇನೂ ಇಲ್ಲ. ಎತ್ತಿ ಅದರ ಮೇಲೇ ಮಲಗಿಸಿದ್ರು. ತಿರುವಲ್ಲಿ ಅದು ವಾಲಿತು ನೋಡು, ಜಾರುಬಂಡಿ ಥರ ಸರ್ರಂತ ಜಾರಿಬಿಟ್ಟೆ. ಇಬ್ಬರು ಹಿಡ್ಕೊಂಡಿದ್ರೂ ನಿಲ್ಲಲಿಲ್ಲ. ಬಿದ್ದಾಗ ಬೆನ್ನೊಳಗೆ ಏನೋ ಲಟಕ್ ಅಂತು. ಅಲ್ಲೀವರೆಗೂ ಕಾಲ್ಬೆರಳು ಆಡಿಸ್ತಾ ಇದ್ದೆ."

ಅಕ್ಕನ ಕೈ ನಿಂತಿತು.

"ಗುಂಡಿ ಇತ್ತಾ ಅದಕ್ಕೆ?"

"ಯಾವುದಕ್ಕೆ?"

"ಸೋಫಾಗೆ. ಅದೇ ಚರ್ಮದ ಗುಂಡಿ."

"ಇತ್ತು. ಕೆನ್ನೆಗೆ ಒತ್ತುತ್ತಿತ್ತು. ನಿಂಗೆ ಹೆಂಗೊತ್ತು?"

ಅರ್ಧ ಸುಲಿದ ಹಣ್ಣನ್ನು ಹಾಸಿಗೆಯ ಮೇಲಿಟ್ಟು ಅವಳು ಹೊರಗೆ ನಡೆದಳು. ನಲ್ಲಿಯ ಕೆಳಗೆ ಕೈ ತಿಕ್ಕುತ್ತಲೇ ನಿಂತಿದ್ದಳು. ಏನಾಯಿತಮ್ಮ ಎಂದು ನರ್ಸು ಕೇಳಿದರೆ, "ಮೇಣ ಹೋಗ್ತಿಲ್ಲ" ಅಂದಳಂತೆ. ಮೇಣ ಹಚ್ಚಿ ತಿಂಗಳುಗಳೇ ಕಳೆದಿದ್ದವು.

ಸೋಫಾದಿಂದ ಜಾರಿಬಿದ್ದ ಸಿಪಾಯಿಯ ಸುದ್ದಿ ಹೊರಬಿದ್ದು ಜನ ಕೇಳತೊಡಗಿದಾಗ ಮಂತ್ರಿ ಟಿವಿಯಲ್ಲಿ ಹೇಳಿದ್ದಿಷ್ಟು: ಈ ಹೆಲಿಕಾಪ್ಟರುಗಳಲ್ಲಿ ಸ್ಟ್ರೆಚರ್ ವ್ಯವಸ್ಥೆ ಯಾವತ್ತೂ ಇರಲಿಲ್ಲ, ನಾವು ಒಂದು ಮೊಳೆಯನ್ನೂ ಮುಟ್ಟಿಲ್ಲ.

ಸೀಟಕ್ಕ ಎದ್ದು ಕೂಸನ್ನು ಕೆಳಗಿಳಿಸಿದಳು, ಉಯ್ಯಾಲೆ ಬಿಚ್ಚಿದಳು, ಬೆಲ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಪೊಲೀಸ್ ಠಾಣೆಗೆ ಹೊತ್ತೊಯ್ದಳು. ಜೊತೆಗೆ ಅದೇ ಬೀದಿಯಲ್ಲಿರುವ ನಾನಿದ್ದೆ, ಪಂಕ್ಚರಿನವನಿದ್ದ.

"ನಾನು ಕಳ್ಳಿ. ಬರ್ಕೊಳ್ಳಿ," ಅಂದಳು.

ಇನ್ಸ್‌ಪೆಕ್ಟರ್ ನಕ್ಕ. "ಏನು ಕದ್ದೆ ತಾಯಿ?"

"ಸರ್ಕಾರದ ಹೆಲಿಕಾಪ್ಟರಿಂದ ಗಾಯಾಳು ಬಿಗಿಯೋ ಬೆಲ್ಟು."

ಅವನು ಪೆನ್ನು ತೆಗೆದ. ಚೀಲ ಮೇಜಿನ ಮೇಲೆ ಬಿತ್ತು. ಪ್ರತಿ ಬಕಲಿನ ಮೇಲೂ ಆಯಾ ಹೆಲಿಕಾಪ್ಟರಿನ ನಂಬರು ಕೊರೆದಿದೆ. ಹೆಲಿಕಾಪ್ಟರಿನ ಹೊಟ್ಟೆಯ ಮೇಲೂ ಅದೇ ಇದೆ, ಆಕಾಶ ನೋಡಿದ ಯಾರಿಗಾದರೂ ಆ ನಂಬರು ಗೊತ್ತು. ಪೆನ್ನು ಜೇಬಿಗೆ ವಾಪಸ್ ಹೋಯಿತು.

"ಇದು ಕಳ್ಳತನ ಅಲ್ಲಮ್ಮ. ಮನೆಗೆ ಹೋಗು."

"ಹಂಗಾದ್ರೆ ಅಲ್ಲಿದ್ದದ್ದನ್ನ ಸರ್ಕಾರವೇ ಬಿಚ್ಚಿಸಿತು ಅಂತ ಬರೀರಿ."

"ಅದು ನನ್ನ ಕೆಲಸ ಅಲ್ಲ."

"ಎರಡರಲ್ಲಿ ಒಂದು ಹೇಳಿ ಸ್ವಾಮಿ. ಅಲ್ಲಿ ಇತ್ತು ಅಂದ್ರೆ ನಾನು ಕಳ್ಳಿ, ಒಳಗೆ ಹಾಕಿ. ಇರಲೇ ಇಲ್ಲ ಅಂದ್ರೆ ಇದೇನು, ನನ್ನ ಸೀರೆ ಅಂಚಾ?"

ಕೇಸು ಬೇಡ ಎಂದು ಕಾಲಿಗೆ ಬಿದ್ದವರನ್ನು ಚಳವಳಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೇಸು ಹಾಕಿ ಎಂದು ಜಗಳಕ್ಕೆ ನಿಂತವಳು ಇವಳೊಬ್ಬಳೇ. ಅವಳ ಹೆಸರು ಬರೆದರೆ ಮಂತ್ರಿಯ ಮಾತು ಸುಳ್ಳಾಗುತ್ತದೆ. ಅದಕ್ಕೇ ಬರೆಯುತ್ತಿಲ್ಲ.

ಈಗ ದಿನಾ ಆ ಚೀಲ ಹೊತ್ತು ಹೋಗಿ ಠಾಣೆಯ ಬೆಂಚಿನ ಮೇಲೆ ಕೂರುತ್ತಾಳೆ. ಬೆಂಚಿನ ಮೆತ್ತೆ ಹರಿದಿತ್ತು. ನೋಡಲಾರದೆ ಅದನ್ನೂ ಹೊಲಿದಿದ್ದಾಳೆ. ಮೇಣ ಮಾತ್ರ ಹಚ್ಚಿಲ್ಲ. ತಮ್ಮನ ಕಾಲ್ಬೆರಳು ಇನ್ನೂ ಅಲುಗಿಲ್ಲ. ಆ ಹೆಲಿಕಾಪ್ಟರುಗಳು ಸೋಫಾ ಸಮೇತ ಇನ್ನೂ ಹಾರುತ್ತಿವೆ, ಬೆಟ್ಟದ ಮೇಲೆ ಇನ್ನೂ ಯಾರ್ಯಾರದೋ ಮಕ್ಕಳಿದ್ದಾರೆ.

ಇದನ್ನು ಓದಿ ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಅವಳಿಗೆ ಮೂರು ಕಾಸಿನ ಉಪಯೋಗವಿಲ್ಲ. ಠಾಣೆಗೆ ಬನ್ನಿ. ಆ ಬೆಲ್ಟನ್ನು ಕೈಯಲ್ಲಿ ಹಿಡಿದು ಇನ್ಸ್‌ಪೆಕ್ಟರನ ಮುಖಕ್ಕೇ ಕೇಳಿ: ಈ ಹೆಂಗಸಿನ ಮೇಲೆ ಕಳ್ಳತನದ ಕೇಸು ಯಾಕೆ ಹಾಕಿಲ್ಲ?