ಕಾರ್ಡ್ ಇದ್ದವರ ಸಾಲು

ವನಜಾಕ್ಷಿ ಆಂಟಿಯಷ್ಟು ಮಡಿಯಿಂದ ಗಾಂಜಾ ಕೊಂಡವರನ್ನು ನಾನು ಕಂಡಿಲ್ಲ. ಮೈಸೂರಿನಲ್ಲಿ ನೋಟರಿಯೊಬ್ಬರ ಬಳಿ ಟೈಪಿಸ್ಟ್ ಆಗಿದ್ದವರು, ಅಮೆರಿಕದ ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ಗೆ ಬಂದು ಇಲ್ಲಿಯ ಪ್ರಜೆಯಾಗಿದ್ದರು. ಸಂಧಿವಾತಕ್ಕೆ ಬೆರಳುಗಳು ಕೊಂಕಿಹೋಗಿದ್ದವು. ಡಾಕ್ಟರು ಬರೆದುಕೊಟ್ಟ ಮೇಲೆ ರಾಜ್ಯದವರು ಗಾಂಜಾವನ್ನು ಔಷಧಿಯಾಗಿ ಕೊಳ್ಳಲು ಮೆಡಿಕಲ್ ಕಾರ್ಡ್ ಕಳಿಸಿದರು.

ಪಕ್ಕದ ಮನೆಯವಳಾದ ನಾನೇ ತಿಂಗಳಿಗೊಮ್ಮೆ ಅವರನ್ನು ಅಂಗಡಿಗೆ ಕರೆದೊಯ್ಯುತ್ತಿದ್ದೆ. ಒಳಗೆ ಮಾತ್ರ ಆಂಟಿ ನನ್ನನ್ನು ಬಿಡುತ್ತಿರಲಿಲ್ಲ. ನಾನು ವೀಸಾದ ಮೇಲಿದ್ದವಳು, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದವಳು; ಗಾಂಜಾ ರಾಜ್ಯದ ಕಾನೂನಿಗೆ ಸರಿಯಾದರೂ ಕೇಂದ್ರದ ಕಾನೂನಿಗೆ ಅಪರಾಧ.

"ಇಲಿನಾಯ್ ಬಿಟ್ರೂ ವಾಷಿಂಗ್ಟನ್ ಬಿಡಲ್ಲಮ್ಮ. ನೀನು ಕಾರಲ್ಲೇ ಕೂತ್ಕೊ," ಅನ್ನುತ್ತಿದ್ದರು.

ಅಂಗಡಿಯಲ್ಲಿ ಎರಡು ಸಾಲಂತೆ. ಇಪ್ಪತ್ತೊಂದು ವರ್ಷ ತುಂಬಿದ ಯಾರಾದರೂ ನಿಲ್ಲಬಹುದಾದ ಉದ್ದನೆಯದೊಂದು, ಕಾರ್ಡ್ ಇದ್ದವರಿಗೆ ಚಿಕ್ಕದೊಂದು. ಕಾರ್ಡಿನವರಿಗೆ ತೆರಿಗೆ ಕಡಿಮೆ; ಮನೆಯಲ್ಲಿ ಬೀಗ ಹಾಕಿಟ್ಟು ಐದು ಗಿಡ ಬೆಳೆಸಲೂಬಹುದು. ಉಳಿದವರಿಗೆ ಒಂದೂ ಇಲ್ಲ. ನೀವೂ ಬೆಳೆಸಬಹುದಲ್ಲ ಅಂದರೆ, "ಈ ಚಳೀಲಿ ಕರಿಬೇವೇ ಬದುಕಲ್ಲ," ಅಂದರು.

ಒಂದು ಶನಿವಾರ ಆಂಟಿ ಹೊರಗೆ ಬಂದದ್ದು ಮೂರ್ತಿ ಅಂಕಲ್ ಜೊತೆಗೆ. ಪ್ರತಿ ಯುಗಾದಿಗೂ ನಮ್ಮ ಸಂಘದಲ್ಲಿ ದುಶ್ಚಟಗಳ ಬಗ್ಗೆ ಭಾಷಣ ಮಾಡುವವರು ಅವರು. ಹುಬ್ಬಿನವರೆಗೆ ಟೋಪಿ ಎಳೆದುಕೊಂಡು ಉದ್ದನೆಯ ಸಾಲಿನಲ್ಲಿ ನಿಂತಿದ್ದರಂತೆ. ದಾರಿ ಕೇಳಲು ಬಂದೆ ಎಂದರಂತೆ.

"ದಾರಿ ಕೇಳೋರು ಐಡಿ ಹಿಡ್ಕೊಂಡು ಕ್ಯೂ ನಿಲ್ತಾರಾ ಮೂರ್ತಿಗಳೇ?" ಎಂದು ಆಂಟಿ ಅವರನ್ನೂ ನಮ್ಮ ಕಾರಿಗೆ ಹತ್ತಿಸಿಕೊಳ್ಳುವಾಗಲೂ ಕಾಡುತ್ತಿದ್ದರು.

ಮೂರನೇ ಸಿಗ್ನಲ್ ದಾಟಿದ ಮೇಲೆ ಅಂಕಲ್ ಬಾಯಿಬಿಟ್ಟರು. ಬೆನ್ನಿನ ಆಪರೇಷನ್ ಆದಾಗಿನಿಂದ ನೋವು ಬಿಟ್ಟಿಲ್ಲ, ಹೆಂಡತಿ ಹೋದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲ ಎಂದರು. ಆಂಟಿ ಆಮೇಲೆ ರೇಗಿಸಲಿಲ್ಲ. ಡಾಕ್ಟರ ಹತ್ತಿರ ಕಳಿಸಿ, ಮರುವಾರ ತಾವೇ ಕೂತು ಎರಡೇ ಬೆರಳಲ್ಲಿ ಅವರ ಕಾರ್ಡಿನ ಅರ್ಜಿ ಟೈಪ್ ಮಾಡಿಕೊಟ್ಟರು. ಮುಂದಿನ ಯುಗಾದಿಗೆ ಅಂಕಲ್ ಸಿರಿಧಾನ್ಯಗಳ ಬಗ್ಗೆ ಮಾತಾಡಿದರು.

ನೋವು ಹೆಚ್ಚಾದಾಗ ಮಿಶಿಗನ್ ರಾಜ್ಯದ ನಾರ್ತ್‌ವಿಲ್‌ನಲ್ಲಿದ್ದ ಮಗಳು ಆಂಟಿಯನ್ನು ತನ್ನ ಮನೆಗೆ ಕರೆದೊಯ್ಯಲು ಬಂದಳು. ಔಷಧಿಯ ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಅಗಿಯುವ ಮಿಠಾಯಿ, ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಐದು ಗಂಟೆಯ ದಾರಿ, ಪರ್ಸಿನಲ್ಲಿ ಎರಡು ಇಟ್ಟುಕೋ, ಯಾರು ನೋಡುತ್ತಾರೆ ಎಂದು ಮಗಳು ಗೋಗರೆದಳು. ಕಾರ್ಡ್ ಇದ್ದರೂ ರಾಜ್ಯದ ಗಡಿ ದಾಟಿಸುವಂತಿಲ್ಲ ಎಂದು ಆಂಟಿ ಒಪ್ಪಲಿಲ್ಲ. ಎಸೆಯೋಣವೆಂದರೆ, ಮಕ್ಕಳು ತೆಗೆಯದಂತೆ ಮಾಡಿದ ಆ ಮುಚ್ಚಳ ತೆಗೆಯಲು ಅವರಿಗೂ ಆಗಲಿಲ್ಲ. ನಾನು ಕೈ ಚಾಚಿದೆ. ಡಬ್ಬಿಯನ್ನು ಎದೆಗೆ ಒತ್ತಿಕೊಂಡರು.

"ನೀನು ಮುಟ್ಟಬೇಡ ಕಂದ. ನಿನ್ನ ಗ್ರೀನ್ ಕಾರ್ಡ್ ಫೈಲು ಇನ್ನೂ ವಾಷಿಂಗ್ಟನ್‌ನಲ್ಲೇ ಇದೆ."

ಬೀಳ್ಕೊಡಲು ಬಂದಿದ್ದ ಮೂರ್ತಿ ಅಂಕಲ್ ಮುಚ್ಚಳ ತೆಗೆದು, ಎಲ್ಲವನ್ನೂ ಕಾಫಿ ಚರಟಕ್ಕೆ ಕಲಸಿ ಕಸಕ್ಕೆ ಹಾಕಿದರು.

ದಾರಿಯುದ್ದಕ್ಕೂ ಅಮ್ಮ ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು ಎಂದು ಮಗಳು ಆಮೇಲೆ ಫೋನಿನಲ್ಲಿ ಹೇಳಿದಳು. ಆಂಟಿ ಅದರ ಸುದ್ದಿಯೇ ಎತ್ತಲಿಲ್ಲ. ಅವರ ದೂರು ಬೇರೆ.

"ಮಿಶಿಗನ್‌ನಲ್ಲಿ ಕಾರ್ಡ್ ಇಲ್ದೋರೂ ಮನೇಲಿ ಹನ್ನೆರಡು ಗಿಡ ಬೆಳೀಬಹುದಂತೆ ಕಣೆ. ಕಾಯಿಲೆಯವರಿಗೆ ಏನು ಮರ್ಯಾದೆ ಉಳೀತು ಹೇಳು."